ಅರ್ಧ ಆಟ ಬಲ್ಲವಳು

ಆ ಡಬ್ಬಿಯನ್ನು ಅವಳು ಕೈಗೆತ್ತಿಕೊಂಡು, ಹಿಂದೆ ಮುಂದೆ ತಿರುಗಿಸಿ ನೋಡಿ, ಮತ್ತೆ ಕೌಂಟರಿನ ಮೇಲೆ ಇಟ್ಟದ್ದು ಅದು ಐದನೇ ಸಲ. ಐದು ದಿನ, ಐದು ಸಲ. ಅಂಗಡಿಯವನು ನೋಡಿಯೂ ನೋಡದವನ ಹಾಗೆ ಮೊಬೈಲ್ ಒತ್ತುತ್ತಾ ಕೂತಿದ್ದವನು ಕೊನೆಗೆ ತಲೆ ಎತ್ತಿದ.

"ಅಕ್ಕ, ಅದು ಮೊಟ್ಟೆ ಅಲ್ಲ. ಹಿಡ್ಕೊಂಡು ಕೂತ್ರೆ ಮರಿ ಆಗಲ್ಲ."

"ಯೋಚನೆ ಮಾಡ್ತಿದೀನಿ ಕಣಪ್ಪ."

"ಮದುವೆಗೆ ಗಂಡು ನೋಡೋವಾಗಲೂ ಜನ ಇಷ್ಟು ಯೋಚನೆ ಮಾಡಲ್ಲ."

"ಮಾಡಿದ್ರೆ ನಮ್ಮ ಪಾಡು ಹೀಗ್ಯಾಕಿರ್ತಿತ್ತು ಬಿಡು."

ಅವನು ನಕ್ಕ. ಡಬ್ಬಿಯನ್ನು ಮತ್ತೆ ಕೌಂಟರಿನ ಕೆಳಗೆ ಇಟ್ಟ. "ಸೋಮವಾರದ ತನಕ ಇಟ್ಟಿರ್ತೀನಿ. ಆಮೇಲೆ ಹೆಸರು ಬರೆಸಿದವರ ಪಟ್ಟಿಯಲ್ಲಿ ಮುಂದಿನವರಿಗೆ ಕೊಡ್ತೀನಿ, ಬೇಜಾರು ಮಾಡ್ಕೋಬೇಡಿ."

ಅವಳಿಗೆ ಐವತ್ತೆರಡು ವರ್ಷ. ಒಂದು ಹಾಸ್ಟೆಲ್ಲಿನ ನೆಲಮಾಳಿಗೆಯಲ್ಲಿ ಬೆಡ್‌ಶೀಟು ಒಗೆದು ಇಸ್ತ್ರಿ ಹಾಕುವುದು ಕೆಲಸ. ಮೊದಲ ದಿನ ಅವಳು ಬಂದು ಡಬ್ಬಿಯೊಳಗಿನ ಈ ವಿಡಿಯೋ ಗೇಮಿನ ಹೆಸರು ಹೇಳಿದಾಗ ಅಂಗಡಿಯವನು, "ಮಗನಿಗಾ, ಮೊಮ್ಮಗನಿಗಾ?" ಅಂತ ಕೇಳಿದ್ದ. "ನನಗೇ," ಅಂದಿದ್ದಳು. ಅವನು ಪರೀಕ್ಷೆ ಮಾಡುವವನಂತೆ ಮೊದಲ ಭಾಗದ ಆರನೇ ಕೋಟೆಯಲ್ಲಿ ದೀಪ ಎಲ್ಲಿತ್ತು ಅಂತ ಕೇಳಿದ. "ದೀಪ ಕೋಟೆಯಲ್ಲಿ ಇರಲೇ ಇಲ್ಲ, ಅಡುಗೆಯವಳ ಹತ್ತಿರ ಇತ್ತು," ಅಂದಳು. ಅವತ್ತಿನಿಂದ ಅವಳು ಅವನಿಗೆ ಅಕ್ಕ ಆದಳು.

ಒಂಬತ್ತು ವರ್ಷ ಈ ಎರಡನೇ ಭಾಗಕ್ಕೆ ಕಾದಿದ್ದಳು. ಡಬ್ಬಿ ಕಣ್ಣೆದುರಿಗಿತ್ತು. ಕೊಳ್ಳುವಷ್ಟು ಶಕ್ತಿಯೂ ಇತ್ತು. ಆದರೂ ಕೈ ಹಿಂದಕ್ಕೆ ಬರುತ್ತಿತ್ತು. ಯಾಕೆಂದರೆ ಅವಳಿಗೆ ಆ ಆಟ ಅರ್ಧ ಮಾತ್ರ ಬರುತ್ತಿತ್ತು. ಇನ್ನರ್ಧ ಬಲ್ಲವಳ ಜೊತೆ ಅವಳು ಮಾತು ಬಿಟ್ಟು ಆರು ವರ್ಷವಾಗಿತ್ತು.

ಮೊದಲು ಅವಳು ಇದ್ದದ್ದು ದೊಡ್ಡ ಆಸ್ಪತ್ರೆಯ ಲಾಂಡ್ರಿಯಲ್ಲಿ. ಒಂದು ಕೋಣೆಯಷ್ಟು ಉದ್ದದ ಬಿಸಿ ರೋಲರ್. ಒದ್ದೆ ಶೀಟಿನ ಒಂದು ತುದಿ ಒಬ್ಬಳು, ಇನ್ನೊಂದು ತುದಿ ಇನ್ನೊಬ್ಬಳು ಹಿಡಿದು, ಅಂಚು ಸಮ ಮಾಡಿ, ಅದರ ಬಾಯಿಗೆ ಕೊಡಬೇಕು. ಅಂಚು ಕೂಡಿದಾಗ "ಹಿಡಿ" ಅನ್ನಬೇಕು. ರೋಲರ್ ಕಚ್ಚಿಕೊಂಡ ಕ್ಷಣ "ಬಿಡು" ಅನ್ನಬೇಕು. ಅಷ್ಟರಲ್ಲಿ ಬಿಡದಿದ್ದರೆ ಬಟ್ಟೆಯ ಜೊತೆ ಬೆರಳೂ ಇಸ್ತ್ರಿಯಾಗುತ್ತದೆ. ಅವಳ ಒಂದು ಬೆರಳಿಗೆ ಇವತ್ತಿಗೂ ಉಗುರಿಲ್ಲ. ಎಡ ತುದಿಗೆ ಇವಳು, ಬಲ ತುದಿಗೆ ಆ ಇನ್ನರ್ಧ ಬಲ್ಲವಳು. ಹತ್ತೊಂಬತ್ತು ವರ್ಷ ಇಬ್ಬರೂ ಜಾಗ ಬದಲಿಸಲಿಲ್ಲ. ಇಡೀ ಲಾಂಡ್ರಿಗೆ ಇವಳು ಎಡದಾಕೆ, ಅವಳು ಬಲದಾಕೆ. ಸಂಬಳದ ದಿನ ಗುಮಾಸ್ತ ಕೂಡ ಹಾಗೇ ಕೂಗುತ್ತಿದ್ದ.

ಎಡದಾಕೆಯ ಅಕ್ಕನ ಮಗ ಟಿ.ವಿ. ರಿಪೇರಿಯವನು. ಒಮ್ಮೆ ಹೊಸ ಗೇಮ್ ಮಶೀನ್ ತಗೊಂಡು, ಹಳೆಯದನ್ನು ಅವಳ ಮನೆಯಲ್ಲಿ ಬಿಟ್ಟುಹೋದ. ಅದರೊಳಗೆ ಒಂದೇ ಒಂದು ಆಟ ಇತ್ತು. ಮಂಜು ಮುಸುಕಿದ ಒಂದು ನಾಡು. ಅಲ್ಲಿನ ಏಳು ಕೋಟೆಗಳ ಏಳು ದೀಪ ಆರಿಹೋಗಿವೆ. ಒಬ್ಬಳು ದೋಣಿಯವಳು ಹುಟ್ಟು ಬಿಸಾಡಿ ಕತ್ತಿ ಹಿಡಿದು ಒಂದೊಂದನ್ನೇ ಹೊತ್ತಿಸಬೇಕು. ದಾರಿಯಲ್ಲಿ ಸಿಕ್ಕವರನ್ನೆಲ್ಲ ಮಾತಾಡಿಸಬೇಕು, ಯಾರನ್ನು ನಂಬಬೇಕು ಯಾರನ್ನು ಬಿಡಬೇಕು ಅಂತ ತಾನೇ ತೀರ್ಮಾನ ಮಾಡಬೇಕು. ಹೇಳಿದ ಮಾತಿಗೆ, ಮಾಡಿದ ಕೆಲಸಕ್ಕೆ ತಕ್ಕ ಹಾಗೆ ಕಥೆ ತಿರುಗುತ್ತದೆ.

ಬೆಳಗಿನ ಪಾಳಿ ಎರಡಕ್ಕೆ ಮುಗಿದರೆ ಇಬ್ಬರೂ ನೇರ ಇವಳ ಮನೆಗೆ ಬರುತ್ತಿದ್ದರು. ಕಂಟ್ರೋಲರ್ ಒಂದೇ ಇತ್ತು. ಅವರ ಬಾಯಲ್ಲಿ ಅದು ರಿಮೋಟು. ಎರಡೂ ಪಕ್ಕದಲ್ಲಿ ಹಿಡಿ ಇರುವುದನ್ನು ನೋಡಿ ಇಬ್ಬರೂ ಒಂದು ಮಾತೂ ಆಡದೆ ತಮ್ಮ ತಮ್ಮ ತುದಿ ಹಿಡಿದುಕೊಂಡರು. ಶೀಟು ಹಿಡಿದ ಹಾಗೆ. ಎಡಬದಿಯ ಗುಂಡಿಗಳಲ್ಲಿ ನಡಿಗೆ ಮತ್ತು ಗುರಾಣಿ, ಬಲಬದಿಯವುಗಳಲ್ಲಿ ಕತ್ತಿ ಮತ್ತು ಮಾತು. ಹೀಗಾಗಿ ದೋಣಿಯವಳ ಕಾಲು ಎಡದಾಕೆಯದು, ಬಾಯಿ ಬಲದಾಕೆಯದು. ಬಲದಾಕೆ ಆ ಬಾಯಿಂದ ಯಾವ ವ್ಯಾಪಾರಿಯನ್ನೂ ಬಿಡಲಿಲ್ಲ. ಅತ್ತು ಕರೆದು, ಬೆಣ್ಣೆ ಹಚ್ಚಿ, ಸುಳ್ಳು ಹೇಳಿ, ಕೊಡೆನೆಂದವನ ಕೈಯಿಂದಲೇ ಕುದುರೆ ಬಿಡಿಸಿಕೊಂಡು ಬರುತ್ತಿದ್ದಳು. "ಪಾಪ, ಅವನಿಗೆ ಅದೊಂದೇ ಕುದುರೆ ಕಣೇ," ಎಂದು ಇವಳು ಅಂದರೆ, "ನಿನ್ನ ಕೈಗೆ ಬಾಯಿ ಕೊಟ್ಟಿದ್ರೆ ಇನ್ನೂ ದೋಣೀಲೇ ಕೂತಿರ್ತಿದ್ವಿ. ನೀನು ಸುಮ್ಮನೆ ನಡಿ," ಅನ್ನುತ್ತಿದ್ದಳು.

ನಾಲ್ಕು ತಿಂಗಳು ಹೀಗೆ ನಡೆಯಿತು. ಒಂದು ದಿನ ಅಕ್ಕನ ಮಗ ಬಂದವನು ಬಾಗಿಲಲ್ಲೇ ನಿಂತ. ಸೋಫಾದ ಮೇಲೆ ಇಬ್ಬರು ಹೆಂಗಸರು ಭುಜಕ್ಕೆ ಭುಜ ಒತ್ತಿ ಕೂತು, ಒಂದು ರಿಮೋಟಿನ ಎರಡು ಕಿವಿ ಹಿಡಿದು, "ಹಿಡಿ! ಬಿಡು! ಹಿಡಿ!" ಎಂದು ಕೂಗುತ್ತಾ ಒಬ್ಬ ರಾಕ್ಷಸನನ್ನು ಕೊಚ್ಚುತ್ತಿದ್ದಾರೆ.

"ಚಿಕ್ಕಮ್ಮಾ, ಏನ್ ಮಾಡ್ತಿದೀರಾ?"

"ಕಾಣಲ್ವೇನೋ? ಮೂರನೇ ಕೋಟೆ."

"ಅದು ಒಬ್ಬರೇ ಹಿಡಿಯೋದು! ಎರಡೂ ಕೈ ಒಬ್ಬರದೇ!"

ಅವನು ಗೋಡೆಗೆ ಒರಗಿ, ಹೊಟ್ಟೆ ಹಿಡಿದುಕೊಂಡು ನಕ್ಕ. ಎಡದಾಕೆಯ ಗಂಡ, ಲಿಫ್ಟ್ ರಿಪೇರಿಯವನು, ಒಳಗಿಂದಲೇ, "ಒಂದು ಜೊತೆ ಚಪ್ಪಲೀನ ಇಬ್ಬರು ಒಂದೊಂದು ಕಾಲಿಗೆ ಹಾಕ್ಕೊಂಡು ಪೇಟೆಗೆ ಹೊರಟಂಗೆ ಇದೆ ಅಂತ ನಾನು ಆವತ್ತೇ ಹೇಳಿದ್ದೆ," ಎಂದು ಕೂಗಿದ. ಹೆಂಗಸರಿಗೆ ನಾಚಿಕೆಯಾಯಿತು. ಅವತ್ತು ಒಬ್ಬೊಬ್ಬರೇ ಆಡಿ ನೋಡಿದರು. ಎಡದಾಕೆಗೆ ಹೊಡೆಯಲು ಬರಲಿಲ್ಲ. ಬಲದಾಕೆ ನಡೆಸಿದರೆ ದೋಣಿಯವಳು ಕುಡಿದವರ ಹಾಗೆ ಗೋಡೆಯಿಂದ ಗೋಡೆಗೆ ಹಾಯ್ದಳು. ಮಾರನೇ ದಿನ ಮತ್ತೆ ತಮ್ಮ ತಮ್ಮ ತುದಿ ಹಿಡಿದರು. ಮೂರು ವರ್ಷದಲ್ಲಿ ಆರು ದೀಪ ಹೊತ್ತಿಸಿದರು. ಏಳನೆಯದು ಕೆರೆಯ ತಳದಲ್ಲಿತ್ತು. ದೋಣಿಯವಳು ನೀರಿಗೆ ಹಾರುವಲ್ಲಿಗೆ ಕಥೆ ನಿಂತಿತು, ಎರಡನೇ ಭಾಗಕ್ಕೆ ಕಾಯಿರಿ ಎಂದು.

ಕಾಯುತ್ತಿರುವಾಗಲೇ ಆಸ್ಪತ್ರೆಯವರು ಲಾಂಡ್ರಿಯನ್ನು ಕಾಂಟ್ರಾಕ್ಟಿಗೆ ಕೊಟ್ಟರು. ಕೆಲಸ ಅದೇ, ರೋಲರ್ ಅದೇ, ಇಪ್ಪತ್ತು ವರ್ಷದ ಸರ್ವೀಸು ಮಾತ್ರ ಸೊನ್ನೆ. ಮೂವತ್ತೊಂದು ಹೆಂಗಸರು ಗೇಟಿನ ಹೊರಗೆ ಕೂತರು. ಮೊದಲ ವಾರ ಹಾಡು, ಘೋಷಣೆ, ಪೇಪರಿನವರ ಫೋಟೋ. ಎರಡನೇ ವಾರದಿಂದ ಬರೀ ಧೂಳು ಮತ್ತು ಬೆನ್ನುನೋವು. ಮುಷ್ಕರ ಅಂದರೆ ಮುಷ್ಟಿ ಎತ್ತುವುದು ಅಂತ ತಿಳಿದವರು ಎಂದೂ ಮುಷ್ಕರ ಮಾಡಿದವರಲ್ಲ. ಬೆಳಗಿನಿಂದ ಸಂಜೆಯವರೆಗೆ ಉಚ್ಚೆ ಕಟ್ಟಿಕೊಂಡು ಕೂರುವುದೇ ಅದರ ಮುಕ್ಕಾಲು ಭಾಗ.

ಬಲದಾಕೆಯ ತಾಯಿ ಸೊಂಟ ಮುರಿದುಕೊಂಡು ಅದೇ ಆಸ್ಪತ್ರೆಯಲ್ಲಿ ನೌಕರರ ಮನೆಯವರಿಗೆಂದು ಇಟ್ಟ ಹಾಸಿಗೆಯ ಮೇಲೆ ಮಲಗಿದ್ದಳು. ಕಾಂಟ್ರಾಕ್ಟರ್ ಬಾಯಿಬಿಟ್ಟು ಹೆದರಿಸಲಿಲ್ಲ. ಹೊರಗೆ ಕೂತವರು ನೌಕರರೇ ಅಲ್ಲವಲ್ಲ, ಮತ್ತೆ ಹಾಸಿಗೆ ಯಾಕೆ ಎಂದು ವಾರ್ಡಿನವರ ಕೈಲಿ ಕೇಳಿಸಿದ, ಅಷ್ಟೆ. ನಲವತ್ತೊಂದನೇ ದಿನ ಬೆಳಗ್ಗೆ ಬಲದಾಕೆ ಗೇಟಿಗೆ ಬರಲಿಲ್ಲ. ತಾಯಿಗೆ ಜಾಸ್ತಿಯಾಗಿರಬೇಕು ಎಂದುಕೊಂಡು ಎಡದಾಕೆ ಮಧ್ಯಾಹ್ನದ ಬಿಡುವಿನಲ್ಲಿ ವಾರ್ಡಿನ ಕಡೆಗೆ ಹೊರಟಳು. ಲಾಂಡ್ರಿಯ ಹಿಂಗೋಡೆ ದಾಟುವಾಗ ಆವಿ ಹೋಗುವ ಕಿಂಡಿಯಿಂದ ರೋಲರಿನ ಸದ್ದಿನ ಜೊತೆಗೆ ಬಲದಾಕೆಯ ದನಿ ಕೇಳಿಸಿತು: "ಹಿಡಿ... ಬಿಡು. ಹಿಡಿ... ಬಿಡು." ಅವಳು ಬಂದು ಹೇಳಿದ ಮೇಲೆ ಗೇಟಿನ ಹೊರಗಿದ್ದ ಮೂವತ್ತು ಜನಕ್ಕೂ ಬೇರೆ ಯಾವ ಸಾಕ್ಷಿಯೂ ಬೇಕಾಗಲಿಲ್ಲ.

ನಲವತ್ತೇಳನೇ ದಿನ ಮುಷ್ಕರ ಸತ್ತಿತು. ಇಪ್ಪತ್ತೊಂದು ಜನ ಕಾಂಟ್ರಾಕ್ಟರ್ ಕೊಟ್ಟ ಕಾಗದಕ್ಕೆ ರುಜು ಹಾಕಿ ಒಳಗೆ ಹೋದರು. ಒಂಬತ್ತು ಜನ ಹೊರಗೇ ಉಳಿದು ಲೇಬರ್ ಕೋರ್ಟಿಗೆ ಹೋದರು. ಆರು ವರ್ಷದಲ್ಲಿ ಆ ಒಂಬತ್ತರಲ್ಲಿ ಒಬ್ಬಳು ತೀರಿಕೊಂಡಳು, ಮೂವರು ಊರು ಬಿಟ್ಟರು, ಎಡದಾಕೆ ಸೇರಿ ಐವರು ಉಳಿದರು. ಬಲದಾಕೆ ಸೂಪರ್‌ವೈಸರ್ ಆದಳು. ಎಡದಾಕೆ ಹಾಸ್ಟೆಲ್ ಸೇರಿದಳು. ಅಲ್ಲಿ ಶೀಟು ಮಡಚಲು ಇನ್ನೊಂದು ಜೊತೆ ಕೈ ಇಲ್ಲ. ಶೀಟಿನ ನಡುಭಾಗವನ್ನು ಗದ್ದದಡಿ ಒತ್ತಿ ಹಿಡಿದು ಒಬ್ಬಳೇ ಮಡಚುವುದನ್ನು ಒಂದು ತಿಂಗಳಲ್ಲಿ ಕಲಿತಳು. ಅಂದರೆ ಕಲಿಯದ ಕೈಯೇನಲ್ಲ ಅವಳದು.

ಅಂಗಡಿಯಲ್ಲಿ ಎರಡನೇ ಭಾಗವನ್ನು ಆಡಿ ನೋಡಲೆಂದು ಒಂದು ಮಶೀನ್ ಇಟ್ಟಿದ್ದರು. ಎರಡನೇ ದಿನ ಅವಳು ಧೈರ್ಯ ಮಾಡಿ ಕೂತಳು. ದೋಣಿಯವಳು ಕೆರೆಯಿಂದ ಎದ್ದು, ಪಾಚಿ ಕಟ್ಟಿದ ಗೋಡೆಯ ಅಂಚಿನ ಮೇಲೆ ಒಂದು ಹೆಜ್ಜೆ ತಪ್ಪದೆ ನಡೆದಳು. ಹಿಂದೆ ನಿಂತಿದ್ದ ಕಾಲೇಜು ಹುಡುಗಿಯೊಬ್ಬಳು, "ಅಬ್ಬಾ ಆಂಟಿ, ಏನ್ ನಡೆಸ್ತೀರಾ!" ಎಂದಳು. ಆಮೇಲೆ ತೋಳ ಬಂತು. ಎಡದಾಕೆ ಗುರಾಣಿ ಎತ್ತಿದಳು. ತೋಳ ಹಾರಿತು, ಗುರಾಣಿ ತಡೆಯಿತು. ಮತ್ತೆ ಹಾರಿತು, ಮತ್ತೆ ತಡೆಯಿತು. "ಹೊಡೀರಿ ಆಂಟಿ! ಸುಮ್ನೆ ಯಾಕೆ ನಿಂತಿದೀರಾ, ಹೊಡೀರಿ!" ಬಲ ಹೆಬ್ಬೆರಳು ಗುಂಡಿಯ ಮೇಲೆ ಸತ್ತ ಹಲ್ಲಿಯ ಹಾಗೆ ಬಿದ್ದಿತ್ತು. ಗುರಾಣಿ ಒಡೆಯಿತು.

ಮನೆಯಲ್ಲಿ ಹಳೆ ಆಟ ಹಾಕಿ ಅಭ್ಯಾಸ ಮಾಡಲು ನೋಡಿದಳು. ಬೆರಳಿಗೆ ಬರುತ್ತಿತ್ತು, ಬರಲಿಲ್ಲ ಅಂತಲ್ಲ. ಮೂರು ದಿನಕ್ಕೆ ಒಂದು ಹಂದಿಯನ್ನು ಕೊಂದಳು. ಕೊಂದ ತಕ್ಷಣ ಮಶೀನ್ ಆರಿಸಿ ಎದ್ದುಹೋದಳು. ಇನ್ನೊಂದು ತುದಿಯನ್ನೂ ತಾನೇ ಕಲಿತರೆ ಆಕೆ ಇನ್ನು ಬೇಕಿಲ್ಲ ಎಂದ ಹಾಗೆ. ಆರು ವರ್ಷ ಬಾಯಿತುಂಬ ಬೈದಿದ್ದಳು, ಬೀದಿಯಲ್ಲಿ ಎದುರಾದರೆ ಉಗುಳಿದ್ದಳು. ಆದರೆ ಬೇಕಿಲ್ಲ ಎಂದು ಮಾತ್ರ ಅಂದಿರಲಿಲ್ಲ.

ಐದನೇ ದಿನ ಅಂಗಡಿಯಿಂದ ಮನೆಗೆ ಬಂದಾಗ ಫೋನಿಗೆ ಒಂದು ಮೆಸೇಜ್ ಬಂತು. ಹೆಸರಿರಲಿಲ್ಲ, ಬೇಕಾಗಿಯೂ ಇರಲಿಲ್ಲ. "ಎರಡನೇ ಭಾಗ ತಂದಿದೀನಿ. ದೋಣಿಯವಳು ಗೋಡೆಗೋಡೆ ಗುದ್ಕೊಂಡು ಮೊದಲ ಹಳ್ಳೀಲೇ ನಿಂತಿದಾಳೆ. ಭಾನುವಾರ ಮಧ್ಯಾಹ್ನ ಬಾರೇ."

ಗಂಡನಿಗೆ ತೋರಿಸಿದಳು. ಅವನು ಕನ್ನಡಕ ಹುಡುಕಿ ಎರಡು ಸಲ ಓದಿದ. "ಹೋಗು. ಹೋಗದಿದ್ರೆ ಆರು ವರ್ಷದಿಂದ ಅವಳ ಮೇಲಿನ ಸಿಟ್ಟನ್ನ ನನ್ನ ಮೇಲೆ ತೀರಿಸ್ಕೊಂಡಂಗೆ ಇನ್ನಾರು ವರ್ಷ ತೀರಿಸ್ಕೋತೀಯ. ನನಗೂ ವಯಸ್ಸಾಯ್ತು."

ಬಲದಾಕೆಯ ಮನೆ ಮೂರನೇ ಮಹಡಿಯಲ್ಲಿ. ಬಾಗಿಲು ತೆಗೆದವಳು ದಪ್ಪಗಾಗಿದ್ದಳು, ಕೂದಲಿಗೆ ಬಣ್ಣ ಹಚ್ಚಿದ್ದಳು. ಇಬ್ಬರೂ ಒಬ್ಬರ ಕೈ ಒಬ್ಬರು ನೋಡಿದರು, ಮುಖ ಆಮೇಲೆ.

"ಅಮ್ಮ ಹೋದ್ರು," ಎಂದಳು ಬಲದಾಕೆ.

"ಗೊತ್ತಾಯ್ತು."

"ನೀನು ಬರಲಿಲ್ಲ."

"ಇಲ್ಲ."

ಅಲ್ಲಿಗೆ ಆ ಮಾತು ಮುಗಿಯಿತು. ಬಲದಾಕೆ ಟಿ.ವಿ. ಹಚ್ಚಿದಳು. ಪರದೆಯ ಮೂಲೆಯಲ್ಲಿ ಆಡಿದ ಹೊತ್ತು ತೋರಿಸುತ್ತಿತ್ತು: ಇಪ್ಪತ್ತಾರು ಗಂಟೆ. ದೋಣಿಯವಳು ಇನ್ನೂ ಮೊದಲ ಹಳ್ಳಿಯಲ್ಲೇ ಇದ್ದಳು. ಆ ಹಳ್ಳಿಯ ಎಲ್ಲರನ್ನೂ ಮಾತಾಡಿಸಿ ಆಗಿತ್ತು. ಎಲ್ಲರನ್ನೂ ಬೋಳಿಸಿಯೂ ಆಗಿತ್ತು. ಮೈಮೇಲೆ ರಾಣಿಗೂ ಇಲ್ಲದ ಕವಚ, ಸೊಂಟದಲ್ಲಿ ಮೂರು ಕತ್ತಿ. ಹಳ್ಳಿಯಿಂದ ಹೊರಗೆ ಹೋಗಲು ಇದ್ದದ್ದು ಒಂದು ಹಲಗೆಯ ಸೇತುವೆ. ಅದರ ಮೇಲೆ ಹತ್ತು ಹೆಜ್ಜೆ ನಡೆಸಲು ಈಕೆಗೆ ಆಗಿರಲಿಲ್ಲ.

ಎಡದಾಕೆಗೆ ನಗು ತಡೆಯಲಾಗಲಿಲ್ಲ. "ಇಪ್ಪತ್ತಾರು ಗಂಟೆ! ಎಷ್ಟು ಸಲ ಬಿದ್ದೆ?"

"ಎಣಿಸೋರು ಯಾರು? ಮೀನಿಗೆಲ್ಲ ನನ್ನ ಗುರುತು ಹತ್ತಿದೆ."

ಕೂತರು. ಭುಜ ತಾಗಿತು. ರಿಮೋಟಿನ ಎಡ ತುದಿ ಇವಳು ಹಿಡಿದಳು, ಬಲ ತುದಿ ಆಕೆ. ದೋಣಿಯವಳು ಒಂದೇ ಸಲಕ್ಕೆ ಸೇತುವೆ ದಾಟಿದಳು. ಆಚೆ ಕಾಡು, ಕಾಡಿನಲ್ಲಿ ತೋಳಗಳ ಹಿಂಡು. "ಹಿಡಿ," ಎಂದಳು ಎಡದಾಕೆ, ಬಾಯಿ ತಾನಾಗಿ ಅಂದಿತು. "ಬಿಡು," ಎಂದು ಬಲದಾಕೆ ಕತ್ತಿ ಬೀಸಿದಳು. ಒಂದೂವರೆ ಗಂಟೆ ಅವರು ಬೇರೆ ಮಾತೇ ಆಡಲಿಲ್ಲ. ಎಡದಾಕೆಗೆ ಬೆನ್ನು ನೋವೂ ನೆನಪಾಗಲಿಲ್ಲ, ಕಿಂಡಿಯಿಂದ ಕೇಳಿದ ದನಿಯೂ ನೆನಪಾಗಲಿಲ್ಲ. ಅದನ್ನು ಆಮೇಲೆ ನೆನೆದು ತನ್ನ ಮೇಲೇ ಹೇಸಿಕೆ ಪಟ್ಟಳು.

ಒಂದು ಗುಹೆಯ ನಡುವೆ ಬಲದಾಕೆ ಆಟ ನಿಲ್ಲಿಸಿ ಚಹಾ ತಂದಳು. ಚಹಾದ ಜೊತೆ ಒಂದು ಪ್ಲಾಸ್ಟಿಕ್ ಫೈಲೂ ಬಂತು.

"ಒಂದು ಮಾತು."

"ಹೇಳು."

"ಕೇಸಿಂದ ನಿನ್ನ ಹೆಸರು ವಾಪಸ್ ತಗೋ. ಮುಂದಿನ ವಾರದಿಂದ ರೋಲರಿಗೆ ಬರಬಹುದು, ನಿನ್ನ ಜಾಗಕ್ಕೇ. ಕಾಂಟ್ರಾಕ್ಟರ್ ಬಾಯಿಂದಲೇ ಹೇಳಿಸಿದೀನಿ."

ಎಡದಾಕೆ ಚಹಾ ಲೋಟ ಕೆಳಗಿಟ್ಟಳು. "ಉಳಿದ ನಾಲ್ಕು ಜನ?"

"ಮೂರು ಜನ ರುಜು ಹಾಕಿದ್ದಾರೆ. ಲಾಂಡ್ರಿ ಬಾಯ್ಲರ್ ನೋಡ್ಕೋತಿದ್ಳಲ್ಲ, ಅವಳೊಬ್ಬಳ ಹತ್ರ ಇನ್ನೂ ಹೋಗಿಲ್ಲ."

"ಅವರಿಗೆಲ್ಲ ಏನು ಕೊಟ್ಟೆ?"

"ಒಬ್ಬಳ ಸೊಸೆಗೆ ಕೆಲಸ. ಒಬ್ಬಳ ಗಂಡನ ಕಣ್ಣಿನ ಆಪರೇಷನ್. ಯಾರಿಗೆ ಏನು ಬೇಕಿತ್ತೋ ಅದು. ತಪ್ಪೇನೇ ಅದರಲ್ಲಿ? ನಿಮ್ಮ ಕೋರ್ಟು ಆರು ವರ್ಷದಲ್ಲಿ ಒಂದು ಹುಲ್ಲುಕಡ್ಡಿ ಕೊಡ್ತಾ?"

"ನನಗೆ ಆಟ."

"ಆಟ ಬೇರೆ, ಇದು ಬೇರೆ."

"ಬೇರೆ ಬೇರೆ ಆದ್ರೆ ಎರಡೂ ಒಂದೇ ಭಾನುವಾರ ಯಾಕೆ ಬಂದ್ವು?"

ಬಲದಾಕೆಯ ಮುಖ ಕೆಂಪಾಯಿತು. "ಬರೀ ರುಜುಗೆ ಕರೆಸೋದಾಗಿದ್ರೆ ಇಪ್ಪತ್ತಾರು ಗಂಟೆ ಆ ಹೆಂಗಸನ್ನ ನೀರಿಗೆ ಬೀಳಿಸ್ತಾ ಕೂರ್ತಿದ್ನೇನೇ ನಾನು?"

ಅದು ನಿಜ ಎಂದು ಎಡದಾಕೆಗೆ ಗೊತ್ತಾಯಿತು. ಸುಳ್ಳಾಗಿದ್ದರೆ ಒಂದು ಬೈಗುಳದಲ್ಲಿ ಮುಗಿಯುತ್ತಿತ್ತು. ಆಕೆಗೆ ಇವಳೂ ಬೇಕಿತ್ತು, ಇವಳ ರುಜುವೂ ಬೇಕಿತ್ತು, ಎರಡನ್ನೂ ಒಂದೇ ಟ್ರೇಯಲ್ಲಿ ಇಟ್ಟುಕೊಂಡು ಬರಲು ಆಕೆಗೆ ಏನೂ ಅನ್ನಿಸಿರಲಿಲ್ಲ.

"ನಿಮ್ಮಮ್ಮನಿಗೆ ಹಾಸಿಗೆ ಬೇಕಿತ್ತು, ಸರಿ," ಎಂದಳು. "ಆ ಬೆಳಗ್ಗೆ ನನಗೊಂದು ಮಾತು ಹೇಳಬಹುದಿತ್ತು."

"ಹೇಳಿದ್ರೆ ಒಪ್ತಿದ್ಯಾ?"

"ಇಲ್ಲ. ಬೈತಿದ್ದೆ."

"ಮತ್ತೆ?"

"ಬೈಸ್ಕೊಂಡು ಹೋಗಬೇಕಿತ್ತು. ಮೂವತ್ತು ಜನರೆದುರು ನಡ್ಕೊಂಡು ಹೋಗಬೇಕಿತ್ತು. ನೀನು ಹಿಂಬಾಗಿಲಿಂದ ಹೋದೆ. ಈಗ ನನ್ನನ್ನೂ ಅದೇ ಬಾಗಿಲಿಂದ ಕರೀತಿದೀಯ."

"ಊರೆಲ್ಲ ಒಳಗೆ ಬಂದಾಯ್ತು. ನೀನೊಬ್ಬಳೇ ಹೊರಗೆ ನಿಂತು ಯಾರಿಗೆ ತೋರಿಸ್ತೀಯ?"

ಎಡದಾಕೆ ಫೈಲನ್ನು ಮುಚ್ಚಿದಂತೆಯೇ ಆಕೆಯ ಕಡೆಗೆ ಸರಿಸಿ ಎದ್ದಳು.

"ಲೇ, ಈ ಗುಹೆ ಮುಗಿಸಿಯಾದ್ರೂ ಹೋಗೇ. ಸೇವ್ ಆಗಿಲ್ಲ. ಮತ್ತೆ ಆ ಸೇತುವೆಗೇ ಹೋಗ್ಬೇಕಾಗುತ್ತೆ."

ಎಡದಾಕೆ ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಿದ್ದಳು. ಒಳಗೆ ಆಟ ಮತ್ತೆ ಶುರುವಾದ ಸದ್ದು ಬಂತು. ಬಲದಾಕೆ ಒಬ್ಬಳೇ ಹಿಡಿದಿದ್ದಳು. ಕತ್ತಿ ಬೀಸುವ ಸದ್ದು, ಒಂದರ ಹಿಂದೊಂದು, ಬಲವಾಗಿ, ಗುರಿಯಿಲ್ಲದೆ. ಗುರಾಣಿ ಎತ್ತುವವರಿರಲಿಲ್ಲ. ದೋಣಿಯವಳು ಕಿರುಚಿ ಬಿದ್ದದ್ದು ಮೆಟ್ಟಿಲಿನವರೆಗೂ ಕೇಳಿಸಿತು. ಎಡದಾಕೆ ಲಿಫ್ಟಿಗೆ ಕಾಯದೆ ಇಳಿದಳು.

ಸೋಮವಾರ ಕೆಲಸಕ್ಕೆ ಹೋಗುವ ದಾರಿಯಲ್ಲಿ ಅಂಗಡಿ ಹೊಕ್ಕಳು. ಅಂಗಡಿಯವನು ಕೇಳುವ ಮೊದಲೇ ಡಬ್ಬಿ ತೆಗೆದು ಕೌಂಟರಿನ ಮೇಲಿಟ್ಟ. ಅವಳು ಈ ಸಲ ಮುಟ್ಟಲಿಲ್ಲ.

"ಪಟ್ಟಿಯಲ್ಲಿ ಮುಂದಿನವರಿಗೆ ಕೊಟ್ಬಿಡು."

"ಯಾಕಕ್ಕ? ಯಾರಾದ್ರೂ ಚೆನ್ನಾಗಿಲ್ಲ ಅಂದ್ರಾ?"

"ಇಲ್ಲಪ್ಪ. ಒಂದೂವರೆ ಗಂಟೆ ಆಡಿ ನೋಡಿದೆ. ತುಂಬಾ ಚೆನ್ನಾಗಿದೆ. ಮೊದಲನೇದಕ್ಕಿಂತ ಚೆನ್ನಾಗಿದೆ."

"ಮತ್ತೆ?"

ಮತ್ತೆ ಏನು ಅಂತ ಅವನಿಗೆ ಹೇಳುವುದು? ಕೊಂಡು ಹೋಗಿ, ಬಲಬದಿಯನ್ನೂ ಕಲಿತು, ಒಬ್ಬಳೇ ಆ ಗುಹೆ ದಾಟಬಹುದಿತ್ತು. ಆದರೆ ಇನ್ನು ಆ ದೋಣಿಯವಳು ಬಾಯಿ ತೆರೆದಾಗಲೆಲ್ಲ ಮಾತಾಡುವುದು ಯಾರ ದನಿಯಲ್ಲಿ ಎಂದು ಅವಳಿಗೆ ಗೊತ್ತಿತ್ತು. ಅವನು ಪಟ್ಟಿಯಲ್ಲಿ ತನ್ನ ಹೆಸರು ಹೊಡೆದುಹಾಕುವವರೆಗೆ ಅವಳು ನಿಂತು ನೋಡಿ, ಹೊರಗೆ ಬಂದಳು.

ಬಸ್ ಸ್ಟಾಪಿನಲ್ಲಿ ಬಾಯ್ಲರಿನವಳಿಗೆ ಫೋನ್ ಮಾಡಿದಳು. ನಾವಿಬ್ಬರೇ ಉಳಿದಿರೋದು, ಯಾರಾದರೂ ಮನೆಗೆ ಬಂದರೆ ಬಾಗಿಲು ತೆಗೆಯಬೇಡ ಎಂದು ಹೇಳಬೇಕಿತ್ತು. ಮೊದಲ ಸಲ ಪೂರ್ತಿ ರಿಂಗ್ ಆಯಿತು. ಎರಡನೇ ಸಲ ಎರಡು ರಿಂಗಿಗೇ ಯಾರೋ ಕತ್ತರಿಸಿದರು. ಮೂರನೇ ಸಲ ಅವಳು ಮಾಡಲಿಲ್ಲ. ಬಸ್ಸು ಬಂತು, ಹತ್ತಿದಳು. ವಾರದ ಮೊದಲ ದಿನ, ಹಾಸ್ಟೆಲ್ಲಿನ ನಾಲ್ಕೂ ಮಹಡಿಯ ಶೀಟುಗಳು ಕೆಳಗೆ ಬಂದು ಬಿದ್ದಿರುತ್ತವೆ.